ಆ್ಯಸಿಡ್ಡಿಗೆ ಸುಣ್ಣ

ಬೆರಳು ಕೆರೆದುಕೊಳ್ಳುತ್ತ ಬರೆಯುವುದು ಕಷ್ಟದ ಕೆಲಸ. ಒಂದು ಸಾಲು ಬರೆಯುವುದು, ಪೆನ್ನು ಕೆಳಗಿಡುವುದು, ಬಲಗೈ ಬೆರಳುಗಳ ಸಂದಿಯನ್ನು ಎಡಗೈಯಿಂದ ಗಸಗಸ ತಿಕ್ಕುವುದು, ಮತ್ತೆ ಪೆನ್ನು ಹಿಡಿಯುವುದು. ಹೀಗಾಗಿ ಈ ಬರಹ ಅಲ್ಲಲ್ಲಿ ತುಂಡು ತುಂಡಾಗಿ ಕಂಡರೆ ಅರ್ಧ ತಪ್ಪು ತುರಿಕೆಯದು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸೀಮೆಸುಣ್ಣ ಹಿಡಿದಾಗ ಏನೂ ಆಗದ ಕೈ, ನಿವೃತ್ತಿಯಾಗಿ ಮನೆಯಲ್ಲಿ ಪಾತ್ರೆ ತಿಕ್ಕತೊಡಗಿದ ಆರೇ ತಿಂಗಳಿಗೆ ಸಿಪ್ಪೆ ಬಿಡತೊಡಗಿತು. ಸರ್ಕಾರಿ ಕೆಲಸಕ್ಕೆ ಒಗ್ಗಿದ ಕೈ, ಮನೆಗೆಲಸಕ್ಕೆ ಒಲ್ಲೆನೆಂದಿತು.

ಕೊಪ್ಪಳದಲ್ಲಿ ಚರ್ಮದ ಡಾಕ್ಟರರೊಬ್ಬರ ಬಳಿ ಹೋದೆ. ಹುಡುಗ ಇನ್ನೂ, ನನ್ನ ಹಳೆಯ ವಿದ್ಯಾರ್ಥಿಗಳಿಗಿಂತ ಚಿಕ್ಕವ. ಕೈ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, "ಸೋಪು ಯಾವುದ್ರಿ?" ಎಂದ. ಹೇಳಿದೆ. ಪಾತ್ರೆಗೂ ಅದೇ, ಬಟ್ಟೆಗೂ ಅದೇ, ಕೈಗೂ ಅದೇ. ಒಂದೇ ಬಾರ್ ಸೋಪು ಎಲ್ಲದಕ್ಕೂ ನಡೆಯುವಾಗ ಮೂರು ಯಾಕೆ ತರಬೇಕು?

"ಅದರಾಗ ಕ್ಷಾರ ಭಾಳ ಇರತೈತ್ರಿ ಮೇಡಂ," ಎಂದ. "ನಮ್ಮ ಚರ್ಮಕ್ಕ ತನ್ನದ ಆದ ಒಂದು ಹುಳಿ ಐತಿ. ಪಿಎಚ್ ಐದೂವರಿ ಹತ್ರ. ಆ ಹುಳಿ ತೊಳದು ಹೋತಂದ್ರ ಚರ್ಮ ಒಣಗತೈತಿ, ಬಿರೀತೈತಿ, ತುರಸ್ತೈತಿ. ಭಾಳ ಹುಳಿ ಆದ್ರೂ ಸುಡತೈತಿ, ಕ್ಷಾರ ಆದ್ರೂ ಸುಡತೈತಿ."

ನನಗೆ ಹೋದ ಜೀವ ಬಂದಂತಾಗಬೇಕಿತ್ತು, ದೊಡ್ಡ ರೋಗವಲ್ಲವಲ್ಲ ಎಂದು. ಆದರೆ ಆದದ್ದು ಅವಮಾನ. ಪಿಎಚ್ ಪಟ್ಟಿಯನ್ನು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ನಿಂಬೆಹಣ್ಣಿಗೆ ಇಷ್ಟು, ಹಾಲಿಗೆ ಇಷ್ಟು, ರಕ್ತಕ್ಕೆ ಇಷ್ಟು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯೇನು. ಮೈಮೇಲೆ ಹೊದ್ದುಕೊಂಡಿರುವ ಚರ್ಮಕ್ಕೆ ಎಷ್ಟು ಎಂಬುದು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ಯಾವ ಮಗುವೂ ಕೇಳಿರಲಿಲ್ಲ. ಕೇಳಿದ್ದರೆ ಗದರಿಸಿ ಕೂಡಿಸುತ್ತಿದ್ದೆನೇನೋ.

ಹುಳಿ ಎಂದಕೂಡಲೇ ನನಗೆ ಕುಷ್ಟಗಿ ಕಡೆಯ ನಮ್ಮ ಕಡಲೆ ಹೊಲ ನೆನಪಾಗುತ್ತದೆ. ಚಳಿಗಾಲದ ಬೆಳಗ್ಗೆ ಕಡಲೆ ಗಿಡದ ಎಲೆಯ ಮೇಲೆ ನಿಂತ ಇಬ್ಬನಿಯನ್ನು ನೆಕ್ಕಿ ನೋಡಿದ್ದೀರಾ? ಹುಣಸೆಹಣ್ಣು ನಾಚಬೇಕು. ನಮ್ಮಜ್ಜಿ ಹಳೆಯ ಧೋತರವನ್ನು ಸೂರ್ಯ ಹುಟ್ಟುವ ಮೊದಲೇ ಗಿಡಗಳ ಮೇಲೆ ಹಾಸಿ, ಅದು ತೊಯ್ದ ಮೇಲೆ ಬೋಗುಣಿಯಲ್ಲಿ ಹಿಂಡಿ, ಸೀಸೆ ತುಂಬಿ ಇಡುತ್ತಿದ್ದಳು. ಯಾರಿಗೆ ಹೊಟ್ಟೆನೋವು ಬಂದರೂ ಒಂದು ಚಮಚ ಅದೇ ಹುಳಿ. ನಾವು ಹುಡುಗಿಯರು ಹಸಿ ಕಡಲೆ ತಿನ್ನಲು ಬೇರೆಯವರ ಹೊಲಕ್ಕೆ ನುಗ್ಗುತ್ತಿದ್ದೆವು. ಲಂಗ ಎತ್ತಿ ಕಟ್ಟಿಕೊಂಡು ಗಿಡಗಳ ನಡುವೆ ಓಡಾಡಿದ್ದೇ, ಮನೆಗೆ ಬರುವಷ್ಟರಲ್ಲಿ ಮೊಣಕಾಲಿನಿಂದ ಕೆಳಗೆ ಉರಿಯೋ ಉರಿ. ಮುಳ್ಳು ಗೀರಿದ ಕಡೆಯಂತೂ ಮೆಣಸಿನಕಾಯಿ ತಿಕ್ಕಿದ ಹಾಗೆ. ತುಟಿಯೂ ಬೆಳ್ಳಗಾಗಿ ಬಿರಿದು ಕಳ್ಳತನವನ್ನು ಸಾರಿ ಹೇಳುತ್ತಿತ್ತು.

"ಅಮ್ಮಾ, ಕಾಲು ಉರಿತಾವ!" ಎಂದು ಅಳುತ್ತಿದ್ದೆ. ಅಜ್ಜಿಯನ್ನು ನಾವು ಅಮ್ಮ ಎಂದೇ ಕರೆಯುವುದು.

"ಉರೀಲಿ ಬಿಡು. ಮಂದಿ ಹೊಲಕ್ಕ ಹೋದ ಕಾಲು ಉರೀಲಾರದ ತಂಪಾಗಿರತಾವೇನ?" ಎನ್ನುತ್ತಲೇ ಅವಳು ಬಚ್ಚಲಕಲ್ಲಿನ ಮೇಲೆ ನಿಲ್ಲಿಸಿ ಕೊಡಗಟ್ಟಲೆ ನೀರು ಸುರಿಯುತ್ತಿದ್ದಳು. ನಾನು ಸಾಕೆಂದರೂ ನಿಲ್ಲಿಸುತ್ತಿರಲಿಲ್ಲ. ಬೈಗುಳ ಮುಗಿಯುವ ತನಕ ನೀರು, ನೀರು ಮುಗಿಯುವ ತನಕ ಬೈಗುಳ. ಆಮೇಲೆ ಉರಿ ಇರುತ್ತಿರಲಿಲ್ಲ.

ಆದರೆ ನನ್ನ ಮನಸ್ಸಿನಲ್ಲಿ ಕೂತದ್ದು ಆ ನೀರಲ್ಲ, ಅವಳ ಸುಣ್ಣ. ಸೊಂಟಕ್ಕೆ ಸಿಕ್ಕಿಸಿದ ಎಲೆ ಅಡಿಕೆಯ ಚಂಚಿಯಲ್ಲಿ ಒಂದು ಹಿತ್ತಾಳೆ ಡಬ್ಬಿ ಇತ್ತು. ಕೆಂಪಿರುವೆ ಕಚ್ಚಲಿ, ಜೇನು ಕಚ್ಚಲಿ, ಡಬ್ಬಿ ಟಕ್ಕೆಂದು ತೆರೆದು ಬೆರಳ ತುದಿಯಷ್ಟು ಸುಣ್ಣ ಒತ್ತುವಳು. ನೀರಿನಲ್ಲಿ ಏನು ಚಮತ್ಕಾರ? ನೀರು ಎಲ್ಲರ ಮನೆಯಲ್ಲೂ ಇರುತ್ತದೆ. ಸುಣ್ಣದಲ್ಲಿ ಮಾತ್ರ ಏನೋ ವಿದ್ಯೆ ಇದೆ ಎಂದು ನನಗೆ ಅನಿಸುತ್ತಿತ್ತು. ಮುಂದೆ ಕಾಲೇಜಿನಲ್ಲಿ ಆಮ್ಲಕ್ಕೆ ಪ್ರತ್ಯಾಮ್ಲ ಸೇರಿದರೆ ತಟಸ್ಥವಾಗುತ್ತದೆ ಎಂದು ಓದಿದಾಗ, ಅಯ್ಯೋ, ನಮ್ಮಜ್ಜಿ ವಿಜ್ಞಾನಿಯಲ್ಲವೇ ಎಂದು ಕುಣಿದಾಡಿದ್ದೆ.

ಅಜ್ಜಿ ಹೋದ ಮೇಲೆ ಡಬ್ಬಿ ನನಗೆ ಬಂತು. ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ, ಮಕ್ಕಳ ಬಾಯಲ್ಲಿ ಅಕ್ಕೋರಾಗಿ, ಹೋದಾಗ ಅದೂ ನನ್ನೊಂದಿಗೆ ಬಂತು. ಹತ್ತನೆಯ ತರಗತಿಗೆ ಆಮ್ಲದ ಪಾಠ ಬಂದ ದಿನ ನನ್ನ ದರ್ಬಾರು ನೋಡಬೇಕಿತ್ತು. ಬಚ್ಚಲು ತೊಳೆಯುವ ಆ್ಯಸಿಡ್ಡನ್ನು ಗಾಜಿನ ನಳಿಕೆಗೆ ಹಾಕಿ, ಲಿಟ್ಮಸ್ ಕಾಗದ ಕೆಂಪಾದುದನ್ನು ತೋರಿಸಿ, ಅಜ್ಜಿಯ ಡಬ್ಬಿಯಿಂದ ಸುಣ್ಣ ಕಲೆಸಿ ಹಾಕುತ್ತ, "ಕೆಂಪಿರುವಿ ಕಚ್ಚಿದ್ರ?" ಎಂದು ಕೂಗುತ್ತಿದ್ದೆ.

"ಸುಣ್ಣಾ ರೀ!"

"ಜೇನು ಕಚ್ಚಿದ್ರ?"

"ಸುಣ್ಣಾ ರೀ!"

"ಆ್ಯಸಿಡ್ ಬಿದ್ರ?"

"ಸುಣ್ಣಾ ರೀ!"

ಇಡೀ ಶಾಲೆಗೆ ಕೇಳಿಸಬೇಕು, ಹಾಗೆ ಒದರುತ್ತಿದ್ದರು. ಮೊದಲೆರಡು ಪ್ರಶ್ನೆ ಅಜ್ಜಿಯವು. ಮೂರನೆಯದು ನನ್ನ ಸ್ವಂತದ್ದು. ಅದು ಯಾವ ಪುಸ್ತಕದಲ್ಲೂ ಇರಲಿಲ್ಲ. ಹೊಂದಿಕೆಯಾಯಿತು, ಚಪ್ಪಾಳೆ ಬಿತ್ತು, ಹಾಗಾಗಿ ಪ್ರತಿ ವರ್ಷ ಹೇಳಿಸಿದೆ.

ಹಸೀನಾ ಎಂಬ ಹುಡುಗಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಅಪ್ಪ ಊರೂರು ತಿರುಗಿ ತಾಮ್ರ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು. ಪ್ರಯೋಗವೆಂದರೆ ಅವಳಿಗೆ ಪ್ರಾಣ. ಒಂದು ವರ್ಷ ನಳಿಕೆ ಹಿಡಿಯುವ ಭಾಗ್ಯ ಅವಳಿಗೆ ಕೊಟ್ಟೆ. ಸುಣ್ಣ ಬಿದ್ದ ಸ್ವಲ್ಪ ಹೊತ್ತಿಗೆ, "ಅಕ್ಕೋರ, ನಳಿಗಿ ಸುಡಾಕತ್ತೈತ್ರಿ!" ಎಂದು ಕೈಬಿಟ್ಟಳು. ನಳಿಕೆ ಒಡೆಯಿತು. ನಾನು ಬೈದೆ. ಬೈದು, "ಯಾಕ ಸುಡತೈತಿ? ತಟಸ್ಥ ಆಗೋವಾಗ ಉಷ್ಣ ಬರತೈತಿ. ಬಹಿರುಷ್ಣಕ ಕ್ರಿಯೆ. ಬರಕೊಳ್ರಿ, ಒಂದು ಮಾರ್ಕಿಗೆ ಬರತೈತಿ," ಎಂದೆ. ಎಲ್ಲರೂ ಬರೆದುಕೊಂಡರು. ಗಾಜಿನ ನಳಿಕೆಯೇ ಹಿಡಿಯಲಾರದಷ್ಟು ಬಿಸಿಯಾದರೆ ಕೈಯ ಚರ್ಮದ ಗತಿ ಏನು ಎಂದು ನಲವತ್ತು ಮಕ್ಕಳಲ್ಲಿ ಒಬ್ಬರೂ ಕೇಳಲಿಲ್ಲ. ನಲವತ್ತೊಂದನೆಯವಳಾದ ನನಗೂ ಹೊಳೆಯಲಿಲ್ಲ.

ಆ ಹಸೀನಾ ಮತ್ತೆ ಸಿಕ್ಕದ್ದು ಇತ್ತೀಚೆಗೆ, ನಾನು ಡಾಕ್ಟರ ಬಳಿ ಹೋಗುವುದಕ್ಕೆ ಕೆಲವು ವಾರಗಳ ಮೊದಲು. ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ "ಅಕ್ಕೋರ! ಅಕ್ಕೋರ!" ಎಂದು ಕೂಗುತ್ತ ಓಡಿಬಂದರು. ಚೂಡಿದಾರದ ಮೇಲೆ ನೀಲಿ ಕೋಟು ತೊಟ್ಟ, ನಲವತ್ತರ ಹತ್ತಿರದ ಹೆಂಗಸು. ನಾನು ಗುರುತು ಹಿಡಿದವಳಂತೆ ನಕ್ಕೆ. ಗುರುತು ಸಿಕ್ಕದ್ದು ಹೆಸರು ಹೇಳಿದ ಮೇಲೆಯೇ. ಗಿಣಿಗೇರಾಕ್ಕೆ ಮದುವೆಯಾಗಿ ಹೋಗಿದ್ದಳು, ಗಂಡ ತೀರಿಕೊಂಡಿದ್ದ, ಅಲ್ಲಿನ ಒಂದು ಕಾರ್ಖಾನೆಯಲ್ಲಿ ಆಫೀಸು ಪಾಯಖಾನೆ ತೊಳೆಯುವ ಹೆಂಗಸರಿಗೆ ಕೆಲಸ ಹಂಚುವ ಮುಕಾದಮಳಾಗಿದ್ದಳು.

"ಅಕ್ಕೋರ, ಇದನ್ನ ನಿಮಗ ತೋರಸಬೇಕು ಅಂತ ಎಷ್ಟು ದಿವಸದಿಂದ ಅನ್ಕೊಂಡೀನ್ರಿ," ಎಂದು ತೋಳು ಸರಿಸಿದಳು. ಮುಂಗೈಯಿಂದ ಮೊಣಕೈ ತನಕ ಚರ್ಮ ಸುಟ್ಟ ಹಪ್ಪಳದಂತೆ ಮುದುಡಿತ್ತು, ಕೆಲವು ಕಡೆ ಬಿಳಿ, ಕೆಲವು ಕಡೆ ಕಂದು. ಅವಳ ಮುಖದಲ್ಲಿ ಮಾತ್ರ ಫಸ್ಟ್ ಕ್ಲಾಸು ಬಂದ ಹುಡುಗಿಯ ಖುಷಿ.

"ಆ್ಯಸಿಡ್ ಕ್ಯಾನಿನ ಮುಚ್ಚಳ ತಗಿವಾಗ ಸಿಡೀತ್ರಿ. ಉಳದವ್ರೆಲ್ಲಾ ನೀರು, ನೀರು ಅಂತ ಒದರಾಕತ್ರು. ನಾ ಗಾಬರಿ ಆಗ್ಲಿಲ್ರಿ. ನೀವು ಕಲಿಸಿದ್ದು ತಟ್ಟನ ನೆನಪಾತು. ಒಬ್ಬಾಕಿ ಹತ್ರ ಎಲಿ ಅಡಿಕಿ ಇತ್ತು. ಆಕಿ ಸುಣ್ಣ ಕಸಗೊಂಡು ದಪ್ಪಗ ಮೆತ್ತಿಬಿಟ್ಟೆ."

"ಉರೀಲಿಲ್ಲೇನ?"

"ಅಯ್ಯ, ಉರೀಲಾರ್ದ ಏನ್ರಿ! ಜೀವ ಹೋದಂಗಾತು. ಆದ್ರ ನೀವ ಹೇಳಿದ್ರೆಲ್ರಿ, ತಟಸ್ಥ ಆಗೋವಾಗ ಬಿಸಿ ಬರತೈತಿ ಅಂತ. ಸುಣ್ಣ ಕೆಲಸ ಮಾಡಾಕತ್ತೈತಿ ಅಂತ ಹಲ್ಲು ಕಚ್ಚಿ ತಡಕೊಂಡೆ. ನೀವು ಇರ್ಲಿಲ್ಲಂದ್ರ ನನ್ನ ಕೈನ ಹೋಗ್ತಿತ್ರಿ ಅಕ್ಕೋರ." ಕಣ್ಣಲ್ಲಿ ನೀರು ತಂದುಕೊಂಡು ನನ್ನ ಎರಡೂ ಕೈ ಹಿಡಿದಳು. "ಈಗ ನಮ್ಮ ಹೆಣ್ಮಕ್ಕಳೆಲ್ಲಾರ ಕಡೆನೂ ಒಂದೊಂದು ಸುಣ್ಣದ ಡಬ್ಬಿ ಇಡಿಸೀನ್ರಿ. ಏನಾದ್ರೂ ಬಿದ್ರ ಗಕ್ಕನ ಹಚ್ಚಬೇಕು ಅಂತ ಹೇಳೀನಿ."

ಫೋನ್ ನಂಬರನ್ನೂ ಮನೆಯ ಗುರುತನ್ನೂ ಬರೆದುಕೊಟ್ಟು ಹೋದಳು. ಆ ಸಂಜೆ ನಾನು ಭೂಮಿಯ ಮೇಲೆ ನಡೆಯಲಿಲ್ಲ. ನಿವೃತ್ತಿಯ ದಿನ ಶಾಲು ಹೊದಿಸಿ, ಹಾರ ಹಾಕಿ, ಏನೇನೋ ಹೊಗಳಿದ್ದರು. ನೀವು ಕಲಿಸಿದ ಇಂಥದ್ದು ನನಗೆ ಉಪಯೋಗಕ್ಕೆ ಬಂತು ಎಂದು ಮಾತ್ರ ಯಾರೂ ಅಂದಿರಲಿಲ್ಲ. ಪಕ್ಕದ ಮನೆಯವರಿಗೆ ಹೇಳಿದೆ, ಕಾಯಿಪಲ್ಲೆ ಮಾರುವವಳಿಗೆ ಹೇಳಿದೆ, ಫೋನು ಮಾಡಿ ತಂಗಿಗೆ ಹೇಳಿದೆ. ಒಂದು ಪಾಠದಿಂದ ಒಬ್ಬಳ ಕೈ ಉಳಿಯಿತು ನೋಡಿ ಎಂದು.

ಹಾಗಾಗಿ ಚರ್ಮದ ಡಾಕ್ಟರ ಮುಂದೆ ಐದೂವರೆಯ ಅವಮಾನವಾದಾಗ, ಅದನ್ನು ತೊಳೆದುಕೊಳ್ಳಲು ಅವನಿಗೂ ಈ ಕಥೆ ಹೇಳಿದೆ. ಹೆಸರು ಹೇಳಲಿಲ್ಲ, ಒಬ್ಬ ಹೆಂಗಸು ಹೀಗೆ ಸುಣ್ಣ ಹಚ್ಚಿ ಕೈ ಉಳಿಸಿಕೊಂಡಳಂತೆ, ಅಷ್ಟೇ. ಚೀಟಿ ಬರೆಯುತ್ತಿದ್ದವನು ಪೆನ್ನು ನಿಲ್ಲಿಸಿದ.

"ಉಳೀಲಿಲ್ರಿ ಮೇಡಂ. ಹಾಳು ಮಾಡಕೊಂಡಾಳ. ಸುಣ್ಣನೂ ಸುಡೋದ. ಆ್ಯಸಿಡ್ ಸುಟ್ಟಿದ್ದು ಒಂದು, ಸುಣ್ಣ ಸುಟ್ಟಿದ್ದು ಒಂದು, ಎರಡೂ ಕೂಡಿದಾಗಿನ ಬಿಸಿ ಮತ್ತೊಂದು. ಅಲ್ಲೇ ನಲ್ಲಿ ಕೆಳಗ ಇಪ್ಪತ್ತು ಮಿನಿಟು ಕೈ ಹಿಡದು, ಆಮ್ಯಾಲ ದವಾಖಾನಿಗೆ ಬಂದಿದ್ರ ಗುರ್ತೂ ಉಳೀತಿರ್ಲಿಲ್ಲೋ ಏನೋ. ಯಾರು ಹೇಳಿಕೊಟ್ರು ಆಕಿಗಿ?"

"ಯಾರೋ ಮಾಸ್ತರು ಇರಬೇಕು," ಎಂದೆ.

ಹೌದು, ಹಾಗೇ ಅಂದೆ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದವಳು, ಅಕ್ಕೋರು ಎನ್ನುವ ಬದಲು ಮಾಸ್ತರು ಎಂದು ಜಾರಿಕೊಂಡೆ.

ಮನೆಗೆ ಬಂದವಳು ಸೋಪು ಬದಲಿಸಿದೆ. ಡಾಕ್ಟರು ಬರೆದ ಮುಲಾಮು ಹೊತ್ತು ಹೊತ್ತಿಗೆ ಹಚ್ಚಿಕೊಂಡೆ. ಹಸೀನಾಳಿಗೆ ಹೇಳುವುದೊಂದನ್ನು ಬಿಟ್ಟು ಎಲ್ಲ ಮಾಡಿದೆ. ಇಂಥ ಮಾತನ್ನು ಫೋನಿನಲ್ಲಿ ಹೇಳಬಾರದು, ಮುಖಾಮುಖಿ ಹೇಳಬೇಕು ಎಂದುಕೊಂಡೆ. ಮುಖಾಮುಖಿ ಹೋಗೋಣವೆಂದರೆ ಬಿಸಿಲು. ಬಿಸಿಲು ಇಳಿದ ದಿನ ಬಸ್ಸು ತುಂಬಿರುತ್ತಿತ್ತು. ಬಸ್ಸು ಖಾಲಿ ಇದ್ದ ದಿನ ಕೈ ಕೆರೆಯುತ್ತಿತ್ತು. ಕೊಪ್ಪಳದಿಂದ ಗಿಣಿಗೇರಾ ಏನು ಕಾಶಿಯೇ? ಅರ್ಧ ತಾಸಿನ ದಾರಿ. ನಿಜ ಹೇಳಬೇಕೆಂದರೆ, ನನ್ನನ್ನು ನೆನೆದು ಕಣ್ಣೀರು ತಂದುಕೊಂಡವಳು ಅವಳೊಬ್ಬಳೇ. ಆ ಒಬ್ಬಳನ್ನೂ ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಆ ಡಬ್ಬಿಗಳನ್ನು ನೆನೆದರೆ ಮಾತ್ರ ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಯಾರಿಗೂ ಏನೂ ಬೀಳದಿರಲಿ ದೇವರೇ ಎಂದು ಬೇಡಿಕೊಂಡೆ. ಬೇಡಿಕೊಂಡರೆ ಖರ್ಚಿಲ್ಲ, ಬಸ್ಸೂ ಹತ್ತಬೇಕಿಲ್ಲ. ಹೀಗೆ ಎರಡು ತಿಂಗಳು ಕಳೆದವು.

ಕೊನೆಗೆ ನನ್ನನ್ನು ಎಬ್ಬಿಸಿದ್ದು ಪಕ್ಕದ ಮನೆ. ಅವರು ನೆಲಕ್ಕೆ ಹೊಸದಾಗಿ ಫರಸಿ ಕಲ್ಲು ಹಾಕಿಸಿದ್ದರು. ಅದರ ಮೇಲಿನ ಸಿಮೆಂಟಿನ ಕಲೆ ತೊಳೆಯಲು ಗಿಣಿಗೇರಾದಿಂದ ಒಬ್ಬ ಹೆಂಗಸು ಬಂದಿದ್ದಳು. ಬಾಗಿಲಲ್ಲಿ ಆ್ಯಸಿಡ್ ಬಾಟಲಿ, ಅದರ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ಕಿನ ಸುಣ್ಣದ ಡಬ್ಬಿ.

"ಎಲಿ ಅಡಿಕಿ ಹಾಕ್ತಿಯೇನವಾ?" ಎಂದೆ, ಹಾಗೇ ಆಗಿರಲಿ ಎಂದು.

"ಇಲ್ರಿ. ಆ್ಯಸಿಡ್ ಸಿಡದ್ರ ಹಚ್ಚಾಕ. ಹಸೀನಾಕ್ಕ ಹೇಳ್ಯಾಳ. ಆಕಿಗಿ ಯಾರೋ ಭಾಳ ಶಾಣ್ಯಾ ಅಕ್ಕೋರು ಹೇಳಿಕೊಟ್ಟಾರಂತ."

"ಅದು ತಪ್ಪೈತಿ, ಹಚ್ಚಬ್ಯಾಡ. ನೀರು ಹಾಕ್ಕೊ, ಬರೇ ನೀರು," ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹಸೀನಾಕ್ಕಗ ಕೇಳ್ತೀನಿ ಬಿಡ್ರಿ," ಎಂದು ಡಬ್ಬಿಯನ್ನು ಇನ್ನಷ್ಟು ಹತ್ತಿರ ಸರಿಸಿಕೊಂಡಳು. ನಾನೇ ಆ ಶಾಣ್ಯಾ ಅಕ್ಕೋರು ಎಂದರೆ ನಂಬುತ್ತಿರಲಿಲ್ಲ. ಹಸೀನಾಳ ಬಾಯಿಂದಲೇ ಹೇಳಿಸಬೇಕು, ಬೇರೆ ದಾರಿಯಿಲ್ಲ ಎಂದು ಮರುದಿನ ಮಧ್ಯಾಹ್ನ ಗಿಣಿಗೇರಾದ ಬಸ್ಸು ಹತ್ತಿದೆ.

ಹಸೀನಾ ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಒಂದೊಂದನ್ನೂ ಕೊಡವಿದಾಗ ಕಾರ್ಖಾನೆಯ ಕರಿ ಪುಡಿ ಉದುರುತ್ತಿತ್ತು. ನನ್ನನ್ನು ಕಂಡವಳೇ ಬಟ್ಟೆಯ ರಾಶಿಯನ್ನು ಮಂಚದ ಮೇಲೆ ಒಗೆದು ಬಂದಳು. "ಬರ್ರಿ ಅಕ್ಕೋರ, ಬರ್ರಿ! ನಮ್ಮಂಥವ್ರ ಮನಿಗೆ ನೀವು!" ಕುರ್ಚಿ ಒರೆಸಿದಳು, ಫ್ಯಾನು ಹಚ್ಚಿದಳು, ಚಹಾಕ್ಕೆ ಇಟ್ಟಳು. ಕೂಡಲೇ ಹೇಳಬೇಕೆಂದು ಬಾಯಿ ತೆರೆದೆ, ಬಿಸ್ಕೀಟು ಬಂತು. ಮಕ್ಕಳೆಷ್ಟು ಎಂದು ಕೇಳಿದೆ.

"ಒಬ್ಬಾಕಿ ಮಗಳ್ರಿ, ಸಲ್ಮಾ. ಹತ್ತೊಂಬತ್ತು ನಡದಾವ. ಹೊಲಿಗಿ ಕಲ್ಯಾಕತ್ತಿದ್ಲು, ಈಗ ಬಿಟ್ಟಾಳ. ಕೊಪ್ಪಳದಾಗ ಅರಿವಿ ಅಂಗಡ್ಯಾಗ ನಿಂದರ್ತಾಳ. ಸಂಜಿ ಆರಕ್ಕ ಬರ್ತಾಳ. ನಿಮ್ಮನ್ನ ನೋಡಿದ್ರ ಭಾಳ ಖುಷಿ ಆಗ್ತಾಳ್ರಿ, ದಿನಾ ನಿಮ್ಮ ಸುದ್ದಿನ ಹೇಳ್ತಿರ್ತೀನಿ."

ಚಹಾ ಆರಿತು. ಇನ್ನು ತಡೆದರೆ ಹೇಳದೆ ಎದ್ದು ಬರುತ್ತೇನೆಂದು ನನಗೆ ಗೊತ್ತಿತ್ತು.

"ಹಸೀನಾ, ನಾ ಕಲಿಸಿದ್ದು ತಪ್ಪವಾ. ಆ್ಯಸಿಡ್ ಬಿದ್ರ ಸುಣ್ಣ ಹಚ್ಚಬಾರದು. ಸುಣ್ಣನೂ ಸುಡತೈತಿ. ನಿನ್ನ ಕೈ ಇಷ್ಟು ಹಾಳಾಗಿದ್ದು ಅದರಿಂದನ. ನನ್ನಿಂದನ. ನಿಮ್ಮ ಹೆಣ್ಮಕ್ಕಳಿಗೆಲ್ಲಾ ಹೇಳು, ಡಬ್ಬಿ ಒಗೀಲಿ."

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ತನ್ನ ತೋಳು ನೋಡಿಕೊಂಡಳು. ಆಮೇಲೆ ನನಗೇ ಸಮಾಧಾನ ಹೇಳುವವಳಂತೆ ನಕ್ಕಳು. "ಇರ್ಲಿ ಬಿಡ್ರಿ ಅಕ್ಕೋರ. ಕಸಬರಿಗಿ ಹಿಡಿಯೋ ಕೈ ನಂದು, ಹೆಂಗಿದ್ರೂ ನಡೀತೈತಿ. ಬೇಕಂತ ಮಾಡೀರೇನ?" ಎಂದಳು. ನನಗೆ ಉಸಿರು ಬಂತು. ಇಷ್ಟೇನಾ, ಇಷ್ಟಕ್ಕೇ ಇಷ್ಟು ಹೆದರಿದೆನಾ ಎಂದುಕೊಂಡೆ.

ಅವಳ ನಗು ಅಷ್ಟರಲ್ಲಿ ನಿಂತಿತ್ತು. "ಮತ್ತ ಏನು ಹಾಕಬೇಕಿತ್ರಿ?"

"ನೀರು."

"ಬರೇ ನೀರಾ?"

"ಹೂಂ. ಬರೇ ನೀರು. ಭಾಳ ಹೊತ್ತು."

ಹಸೀನಾ ನೆಲದ ಮೇಲೆ ಕೂತಳು. "ಸಲ್ಮಾ ನಲ್ಲಿಗೇ ಓಡಿದ್ಲ್ರಿ," ಎಂದಳು. "ಬಚ್ಚಲ ತೊಳೆಯೋವಾಗ ಹೆಬ್ಬೆಟ್ಟಿನ ಬುಡಕ್ಕ ಸಿಡದಿತ್ತು. ನೀರು ಬಿಟ್ಕೊಂಡು ನಿಂತಿದ್ಲು. ನಾ ಓಡಿ ಹೋಗಿ ಎಳಕೊಂಡು ಬಂದೆ. ಬ್ಯಾಡ ಅಮ್ಮೀ, ಸುಡತೈತಿ ಬ್ಯಾಡ ಅಂತ ಅತ್ಲ್ರಿ. ನಾನ ಕೈ ಒತ್ತಿ ಹಿಡದು ಮೆತ್ತಿದೆ. ಸುಟ್ರ ಛಲೋ, ಸುಟ್ರ ಕೆಲಸ ಮಾಡತೈತಿ ಅಂದೆ. ಈಗ ಹೆಬ್ಬೆಟ್ಟು ಅಗಲ ಆಗಂಗಿಲ್ರಿ. ಕತ್ತರಿ ಹಿಡಿಯಾಕ ಬರಂಗಿಲ್ಲ. ಅದಕ್ಕ ಹೊಲಿಗಿ ಬಿಟ್ಲು."

ಕೇಳಬಾರದಿತ್ತು, ಕೇಳಿದೆ. "ಯಾವಾಗ?"

"ಹೋದ ತಿಂಗಳ್ರಿ."

ಕಾರ್ಖಾನೆಯ ಕಡೆಯಿಂದ ಏನೋ ದಡದಡ ಸದ್ದು ಬಂತು, ನಿಂತಿತು. ಹಸೀನಾ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು. ಮುಂದಿನ ಸಾಲಿನಲ್ಲಿ ಕೂತು ಒಂದನ್ನೊಂದು ಜೋಡಿಸಿ ಉತ್ತರ ಹುಡುಕುತ್ತಿದ್ದ ಹುಡುಗಿ ಅವಳು.

"ಇದು ನಿಮಗ ಯಾವಾಗ ಗೊತ್ತಾತ್ರಿ ಅಕ್ಕೋರ?"

ನಿನ್ನೆ ಎನ್ನಬಹುದಿತ್ತು. ಬಾಯಿಗೂ ಬಂದಿತ್ತು.

"ಎರಡು ತಿಂಗಳಾತು," ಎಂದೆ.

"ಒಂದು ಫೋನ್ ಮಾಡಬೇಕಿತ್ರಿ," ಎಂದಳು. ಈ ಸಲ ಅಕ್ಕೋರ ಎನ್ನಲಿಲ್ಲ.

ನಾನು ಚೀಲ ತೆಗೆದುಕೊಂಡು ಎದ್ದೆ. ಬಾಗಿಲಿನ ತನಕ ಹೋಗಿದ್ದೆ.

"ಕುಂದರ್ರಿ," ಎಂದಳು ಹಸೀನಾ, ಕೂತಲ್ಲಿಂದಲೇ. "ಸಲ್ಮಾ ಬರೋತನಕ ಕುಂದರ್ರಿ. ಆಕಿಗಿ ನೀವ ಹೇಳ್ರಿ."

ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ ಆಗಿತ್ತು. ವಾಪಸು ಬಂದು ಕೂತೆ.